ಸೇರಿಸಿದ ಸ್ವರ

ನಮ್ಮ ಮನೆಯಲ್ಲಿ ವಾಲ್ವುಗಳಿರುವ ಹಳೆಯ ಟೇಪ್ ರೆಕಾರ್ಡರೊಂದಿದೆ. ಸ್ವಿಚ್ಚು ಹಾಕಿದೊಡನೆ ಮಾತನಾಡುವ ಅವಸರದ ಜಾತಿಯದಲ್ಲ. ಒಳಗಿನ ದೀಪಗಳು ಕೆಂಪಗೆ ಕಾದು, ಕೊಂಚ ಯೋಚಿಸಿ, ಆಮೇಲೆ ಬಾಯಿಬಿಡುತ್ತದೆ. ನನ್ನ ಹೆಂಡತಿ 1968ರಲ್ಲಿ ಹಾಡಿದ ಕೆಲವು ದೇವರನಾಮಗಳು ಅದರ ಸುರುಳಿಯಲ್ಲಿವೆ. ಆಕೆ ತೀರಿಕೊಂಡ ಮೇಲೆ ಅವನ್ನು ಅದರಲ್ಲೇ ಕೇಳುತ್ತ ಬಂದಿದ್ದೇನೆ. ಟ್ರಾನ್ಸಿಸ್ಟರಿನಲ್ಲಿ ಜೀವವಿಲ್ಲ, ನಿಜವಾದ ಧ್ವನಿ ವಾಲ್ವಿನದೇ ಎಂದು ಬಂದವರಿಗೆಲ್ಲ ಹೇಳುತ್ತಲೂ ಬಂದಿದ್ದೆ.

ಎಂಜಿನಿಯರಿಂಗ್ ಓದುವ ಮೊಮ್ಮಗ ಮೊನ್ನೆ ಈ ಮಾತನ್ನು ಹಿಡಿದುಕೊಂಡ. “ಇಷ್ಟ ಎನ್ನಿ ತಾತ, ಒಪ್ಪುತ್ತೇನೆ. ನಿಜ ಎನ್ನಬೇಡಿ” ಎಂದ.

ಅವನ ವಾದ ಇಷ್ಟು. ವಾಲ್ವಿನಲ್ಲಿ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಆನೋಡಿನತ್ತ ಓಡುತ್ತವೆ. ನಡುವಿರುವ ಗ್ರಿಡ್, ಅಂದರೆ 1906ರಲ್ಲಿ ಲೀ ಡಿ ಫಾರೆಸ್ಟ್ ಇಟ್ಟ ತಂತಿಯ ತಡೆ, ಆ ಓಟವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆದರೆ ಪ್ರವಾಹವು ಗ್ರಿಡ್ಡಿನ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುವುದಿಲ್ಲ; ಅಲೆಯ ಒಂದು ಮಗ್ಗುಲನ್ನು ಹಿಗ್ಗಿಸಿ ಇನ್ನೊಂದನ್ನು ಕುಗ್ಗಿಸುತ್ತದೆ. ಆಗ ಮೂಲದಲ್ಲಿಲ್ಲದ ಕಂಪನಗಳು ಬಂದು ಸೇರುತ್ತವೆ. ಸೆಕೆಂಡಿಗೆ 200 ಕಂಪನಗಳ ಷಡ್ಜವನ್ನು ಕೊಟ್ಟರೆ, ಜೊತೆಗೆ 400ರ ತಾರಷಡ್ಜ, ಒಂದಿಷ್ಟು 600ರ ಪಂಚಮ! ಒಂಟಿ ವಾಲ್ವಿನ ಸಣ್ಣ ಯಂತ್ರವನ್ನು ಪೂರ್ತಿ ಏರಿಸಿದರೆ ಈ ಬೆರಕೆ ನೂರಕ್ಕೆ 5ರಿಂದ 10ರವರೆಗೂ ಹೋಗುವುದುಂಟು. ಬಂದವರು ಅಪಸ್ವರಗಳಲ್ಲ, ಬಂಧುಸ್ವರಗಳು; ಆದ್ದರಿಂದ ಕಿವಿ ದೂರು ಹೇಳದೆ ‘ತುಂಬು ದನಿ’ ಎಂದು ಮೆಚ್ಚುತ್ತದೆ. ಒಳ್ಳೆಯ ಟ್ರಾನ್ಸಿಸ್ಟರ್ ಯಂತ್ರವೋ ತನ್ನ ಮಿತಿಯೊಳಗಿದ್ದಾಗ ಸಾವಿರಕ್ಕೊಂದು ಪಾಲನ್ನೂ ಸೇರಿಸುವುದಿಲ್ಲ.

ತಂಬೂರಿಯ ತಂತಿಯ ಕೆಳಗೆ ನೂಲೆಳೆ ಸಿಕ್ಕಿಸಿ ನಾದ ತುಂಬುವ ನಮ್ಮವರೆಲ್ಲ ಸುಳ್ಳುಗಾರರೇನು ಎಂದು ಕೇಳಿದೆ. ಒಳ್ಳೆಯ ಪೆಟ್ಟು ಕೊಟ್ಟೆನೆಂದು ಸಂತೋಷವೂ ಆಯಿತು. ರಾತ್ರಿ ಮಲಗಿದಾಗ ಅದಕ್ಕೆ ಉತ್ತರ ನನಗೇ ಹೊಳೆಯಿತು. ತಂಬೂರಿ ಹಾಡಿನ ಪಾಲುದಾರ. ರೆಕಾರ್ಡರು ಹಾಡಿಗೆ ಸಾಕ್ಷಿ. ಸಾಕ್ಷಿ ಇಂಪಾಗಿ ಮಾತನಾಡತೊಡಗಿದರೆ ಅನುಮಾನ ಬರಬೇಡವೇ?

ಮರುದಿನ ಅದೇ ಸುರುಳಿಯನ್ನು ಟ್ರಾನ್ಸಿಸ್ಟರಿನ ಡೆಕ್ಕಿನಲ್ಲಿ ಕೇಳಿದೆವು. ದನಿ ತೆಳುವಾಗಿತ್ತು. ತಾರಷಡ್ಜದಲ್ಲಿ ಸಣ್ಣ ಒಡಕು; ಅದಕ್ಕೆ ಮೊದಲು ಉಸಿರು ಎಳೆದುಕೊಳ್ಳುವ ಸದ್ದು. ಹೌದು, ಆಕೆಗೆ ಆಗಲೇ ಉಬ್ಬಸವಿತ್ತು. ನಾನದನ್ನು ಮರೆತಿದ್ದೆ, ಮರೆಯಲು ಹಳೆಯ ಯಂತ್ರ ನೆರವಾಗಿತ್ತು. ಅದರ ಸ್ಪೀಕರು, ಮರದ ಪೆಟ್ಟಿಗೆಗಳೂ ಇದರಲ್ಲಿ ಭಾಗಿಗಳೆಂದು, ಎಲ್ಲವನ್ನೂ ವಾಲ್ವಿನ ತಲೆಗೆ ಕಟ್ಟಬಾರದೆಂದು ಮೊಮ್ಮಗ ನ್ಯಾಯವಾಗಿಯೇ ಹೇಳಿದ. ಯಂತ್ರಕ್ಕೆ ಕೃತಜ್ಞನಾಗಬೇಕೋ ಅದರ ಮೇಲೆ ಸಿಟ್ಟಾಗಬೇಕೋ ನನಗೆ ತಿಳಿಯಲಿಲ್ಲ.

ಅಂದು ಹಾಡು ಮುಗಿಸಿ, ಸುರುಳಿ ಹಿಂದಕ್ಕೆ ಸುತ್ತಿ ಕೇಳಿದಾಗ ಆಕೆಯೇ “ಇದು ನಾನಲ್ಲ” ಎಂದಿದ್ದಳು. ತನ್ನ ದನಿಯನ್ನು ತಲೆಬುರುಡೆಯ ಮೂಲಕವೂ ಕೇಳಿ ರೂಢಿಯಾದ ಯಾರಿಗೂ ಹಾಗನ್ನಿಸುತ್ತದೆ. ಹಾಗಾದರೆ ಯಾರ ಕಿವಿ ಪ್ರಮಾಣ? ಆಕೆಯದೇ? ನಾಲ್ಕು ಮೊಳ ದೂರ ಕೂತಿದ್ದ ನನ್ನದೇ?

ಕಂಪ್ಯೂಟರಿಗೆ ಪ್ರತಿ ಮಾಡಿಕೊಳ್ಳುವಾಗ, ಯಾವುದರಿಂದ ಮಾಡಲಿ ಎಂದು ಮೊಮ್ಮಗ ಕೇಳಿದ. ಎರಡರಿಂದಲೂ ಮಾಡು, ಯಾವುದು ಯಾವ ಯಂತ್ರದ್ದೆಂದು ಬರೆದಿಡು ಎಂದೆ. ಬರೆದಿಟ್ಟಿದ್ದಾನೆ. ಸಂಜೆ ನಾನು ಕೇಳುವುದು ಈಗಲೂ ವಾಲ್ವಿನದನ್ನೇ. ಬಂದವರಿಗೆ ‘ನಿಜವಾದ ಧ್ವನಿ’ ಎಂದು ಮಾತ್ರ ಹೇಳುತ್ತಿಲ್ಲ.