ಅಂತರವನ್ನು ಅಳೆಯುವ ಹೊಣೆ

ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದೆಲ್ಲವನ್ನೂ ನಾವು ಸರಿಯಾಗಿ ಅರಿತಿದ್ದೇವೆಯೇ? ತತ್ತ್ವಜಿಜ್ಞಾಸೆಯಲ್ಲಿ ಬಹು ಹಳೆಯದಾದ ಈ ಪ್ರಶ್ನೆಯನ್ನು ಅಂಗೈಯಲ್ಲಿ ಅಡಗುವ ಒಂದು ಯಂತ್ರವೂ ನಮ್ಮ ಮುಂದಿಡುತ್ತದೆ.

1966ರಲ್ಲಿ ಜರ್ಮನಿಯ ಕಲೋನ್ ನಗರದ ಫೋಟೋಕಿನಾ ಪ್ರದರ್ಶನದಲ್ಲಿ ರೋಲೈ 35 ಎಂಬ ಪುಟ್ಟ ಕ್ಯಾಮೆರಾ ಜನರ ಮುಂದೆ ಬಂದಿತು. ಅದನ್ನು ರೂಪಿಸಿದವರು ಹೈನ್ಸ್ ವಾಸ್ಕೆ. ಬಳಸದಿರುವಾಗ ಒಳಕ್ಕೆ ಸರಿಯುವ 40 ಮಿ.ಮೀ. ಮಸೂರ, 35 ಮಿ.ಮೀ. ಫಿಲ್ಮು, ಬೆಳಕಿನ ಮಾಪಕ ಇವೆಲ್ಲವೂ ಸೇರಿ ಅದು ಕೋಟಿನ ಜೇಬಿನಲ್ಲಿ ಹಿಡಿಸುತ್ತಿತ್ತು. ಗಂಭೀರ ಹವ್ಯಾಸಿಗಳು ಇಂದಿಗೂ ಅದನ್ನು ಹುಡುಕಿ ಕೊಳ್ಳುತ್ತಾರೆ.

ಆದರೆ ದೂರವನ್ನು ಅಳೆದು ತಿಳಿಸುವ ಸಾಧನ ಅದರಲ್ಲಿಲ್ಲ. ಎದುರಿಗಿರುವವರು ಎರಡು ಮೀಟರ್ ದೂರದಲ್ಲಿದ್ದಾರೆಯೇ ಮೂರು ಮೀಟರ್ ದೂರದಲ್ಲಿದ್ದಾರೆಯೇ ಎಂಬುದನ್ನು ಛಾಯಾಗ್ರಾಹಕನೇ ಅಂದಾಜು ಮಾಡಿ ಮಸೂರವನ್ನು ತಿರುಗಿಸಬೇಕು. ವ್ಯೂಫೈಂಡರ್ ಎಂಬ ಕಿಂಡಿಯಲ್ಲಿ ನೋಡಿದರೆ ಎಲ್ಲವೂ ಸದಾ ಸ್ಪಷ್ಟ. ಅಂದಾಜು ತಪ್ಪಿದ್ದರೂ ಸ್ಪಷ್ಟ. ತಪ್ಪು ತಿಳಿಯುವುದು ಫಿಲ್ಮು ತೊಳೆದ ಮೇಲೆ.

ಮನುಷ್ಯರನ್ನು ಕುರಿತ ನಮ್ಮ ತೀರ್ಮಾನಗಳೂ ಹೀಗೆಯೇ ಅಲ್ಲವೇ? ಗಡಿನಾಡಿನ ಶಾಲೆಗಳಲ್ಲಿ ಮನೆಯ ನುಡಿ ಒಂದು, ಪಾಠದ ನುಡಿ ಮತ್ತೊಂದಾದ ಮಕ್ಕಳಿರುತ್ತಾರೆ. ಅಂತಹ ಮಗುವು ಮೌನವಾಗಿ ಕುಳಿತರೆ ದಡ್ಡನೆಂದು ಎಣಿಸುವುದು ಸುಲಭ. ಎಣಿಸಿದವರಿಗೆ ಅದು ಸ್ಪಷ್ಟವಾಗಿಯೇ ಕಾಣುತ್ತದೆ. ಆ ಸ್ಪಷ್ಟತೆ ನೋಡುವ ಕಿಂಡಿಯದು. ಎರಡು ನುಡಿಗಳ ನಡುವಿನ ಅಂತರವನ್ನು ಯಾರೂ ಅಳೆದಿರುವುದಿಲ್ಲ. ಆ ತಪ್ಪು ಬೆಳಕಿಗೆ ಬರುವ ವೇಳೆಗೆ ಮಗು ಶಾಲೆಯನ್ನೇ ಬಿಟ್ಟಿರಬಹುದು.

ಹಾಗಾದರೆ ಅಳತೆ ಖಚಿತವಾಗುವವರೆಗೆ ಯಾವ ತೀರ್ಮಾನವನ್ನೂ ಮಾಡಬಾರದೇ? ಅದು ಆಗದ ಮಾತು. ಶಿಕ್ಷಕರೂ ತಂದೆತಾಯಿಯರೂ ನೆರೆಯವರೂ ನಿತ್ಯ ತೀರ್ಮಾನಿಸಲೇಬೇಕು. ಇಲ್ಲಿಯೂ ಕ್ಯಾಮೆರಾ ಒಂದು ಸೂಚನೆ ಕೊಡುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಮಸೂರದ ದ್ವಾರವನ್ನು 16ಕ್ಕೆ ಕಿರಿದುಗೊಳಿಸಿ ದೂರವನ್ನು 3 ಮೀಟರಿಗೆ ಹೊಂದಿಸಿದರೆ, ಸುಮಾರು 1.6 ಮೀಟರಿನಿಂದ ಬಹುದೂರದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ. ಮಬ್ಬಿನಲ್ಲಿ ದ್ವಾರವನ್ನು 3.5ಕ್ಕೆ ಪೂರ್ತಿ ತೆರೆದಾಗ ಆ ವಲಯ ಸುಮಾರು 2.5ರಿಂದ 3.7 ಮೀಟರಿಗೆ ಕುಗ್ಗುತ್ತದೆ. ಬೆಳಕಿದ್ದಲ್ಲಿ ಅಂದಾಜಿನ ದೋಷಕ್ಕೆ ಕ್ಷಮೆಯುಂಟು. ಮಬ್ಬಿನಲ್ಲಿ ಅದು ಬಹಳ ಕಡಿಮೆ.

ಆದುದರಿಂದ ಒಬ್ಬರ ವಿಷಯ ನಮಗೆ ಅಲ್ಪವಾಗಿ ತಿಳಿದಿರುವಾಗಲೇ ಹೆಚ್ಚಿನ ಎಚ್ಚರ ಬೇಕು. ಇಂದಿನ ಮೊಬೈಲು ದೂರವನ್ನು ತಾನೇ ಅಳೆದುಕೊಳ್ಳುತ್ತದೆ. ಮನುಷ್ಯರ ನಡುವಿನ ಅಂತರವನ್ನು ಅಳೆಯುವ ಶ್ರಮವನ್ನು ಯಾವ ಯಂತ್ರವೂ ವಹಿಸಿಕೊಳ್ಳಲಾರದು. ಎರಡು ಹೆಜ್ಜೆ ಮುಂದೆ ಹೋಗಿ, ಮಾತನಾಡಿಸಿ, ಅನಂತರ ತೀರ್ಮಾನಿಸುವುದು ನಮ್ಮೆಲ್ಲರ ಕರ್ತವ್ಯ.