ಬಾನೆಟ್ ಕೆಳಗಿನ ಮಡಿ

ಆಯುಧಪೂಜೆಯ ಹಿಂದಿನ ದಿನ ಮೈಸೂರಿನ ಯಾವ ಬೀದಿಗೆ ಹೋದರೂ ಪೈಪು, ಬಕೆಟ್ಟು, ಸೋಪಿನ ನೊರೆ. ನಾನು ಗಣಪತಿ ಗುಡಿಯ ಅರ್ಚಕ. ಮಾರನೆಯ ದಿನ ಆ ಗಾಡಿಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಮಂಗಳಾರತಿ ಮಾಡುವವನು. ಬಾಗಿಲು, ಗಾಜು, ಚಕ್ರ ಎಲ್ಲವೂ ಥಳಥಳ ಹೊಳೆಯುತ್ತಿರುತ್ತವೆ. ಬಾನೆಟ್ ಎತ್ತಿಸಿದರೆ ಒಳಗೆ ವರ್ಷದ ಧೂಳು, ಒಣಗಿದ ಎಲೆ, ಎಣ್ಣೆ ಜಿಡ್ಡು, ಒಮ್ಮೊಮ್ಮೆ ಇಲಿ ಕಟ್ಟಿದ ಗೂಡು. ಪೂಜೆ ಆಯುಧಕ್ಕಾದರೆ, ದುಡಿಯುವ ಆಯುಧ ಇರುವುದು ಅಲ್ಲೇ ಅಲ್ಲವೇ? ಅರಮನೆಯಲ್ಲೂ ಆಯುಧಗಳು ಮೊದಲು ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಹೋಗಿ ಶುಚಿಯಾಗಿ ಬರುತ್ತವೆ, ಆಮೇಲೆ ಪೂಜೆ. ಅದಕ್ಕೇ ಕಾರಿನ ಒಳಗನ್ನೂ ಶುಚಿ ಮಾಡಿ ಎಂದು ನಾನು ಬಂದವರಿಗೆಲ್ಲ ಹೇಳುತ್ತೇನೆ. ಶುಚಿ ಎಂದ ಕೂಡಲೇ ಜನರ ಕೈ ಪೈಪಿಗೆ ಹೋಗುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ.

ಒಂದು ವರ್ಷ ಒಬ್ಬ ಹುಡುಗ ಗುಡಿಯ ಮುಂದೆ ಕಾರು ನಿಲ್ಲಿಸಿದ. ಎಂಜಿನ್ ಮಿಸ್ ಹೊಡೆಯುತ್ತಿತ್ತು, ಗಾಡಿ ಜ್ವರ ಬಂದವರಂತೆ ನಡುಗುತ್ತಿತ್ತು. “ಬೆಳಿಗ್ಗೆ ಪ್ರೆಷರ್ ವಾಶರ್ ಹಿಡಿದು ಒಳಗೆಲ್ಲ ತೊಳೆದೆ ಭಟ್ರೇ, ಶುದ್ಧವಾಗಿರಲಿ ಅಂತ,” ಎಂದ. ಸ್ಪಾರ್ಕ್ ಪ್ಲಗ್ಗಿನ ಗುಳಿಯಲ್ಲಿ ನೀರು ನಿಂತಿತ್ತು. ಅವನ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ನೀರು ಬಿದ್ದದ್ದೆಲ್ಲ ಶುದ್ಧ, ಜಾಸ್ತಿ ಬಿದ್ದರೆ ಜಾಸ್ತಿ ಶುದ್ಧ ಎಂಬ ನಂಬಿಕೆ ಅವನೊಬ್ಬನದೂ ಅಲ್ಲ. ಮಡಿ ಎಂದರೆ ಒದ್ದೆ ಬಟ್ಟೆ ಎಂದುಕೊಂಡೇ ಬೆಳೆದವರು ನಾವು.

ಆದರೆ ನಾನು ಕಲಿತ ಆಗಮ ಹಾಗೆ ಹೇಳುವುದಿಲ್ಲ. ಕಲ್ಲಿನ ಮೂರ್ತಿಗೆ ಕೊಡಗಟ್ಟಲೆ ನೀರು ಸುರಿಯುತ್ತೇವೆ. ಗಾರೆಯ ಮೂರ್ತಿಗೆ ಒಂದು ತಂಬಿಗೆಯೂ ಇಲ್ಲ. ಎದುರಿಗೆ ಕನ್ನಡಿ ಇಟ್ಟು ಅದರಲ್ಲಿ ಕಾಣುವ ಬಿಂಬಕ್ಕೆ ಅಭಿಷೇಕ. ಪುರಿಯ ಜಗನ್ನಾಥನದು ಮರದ ಮೈ. ಜ್ಯೇಷ್ಠ ಹುಣ್ಣಿಮೆಯ ದಿನ ಅವನಿಗೂ ಜೊತೆಯ ದೇವರುಗಳಿಗೂ ಸೇರಿ 108 ಕೊಡ ನೀರಿನ ಸ್ನಾನ. ಅದಾದ ಮೇಲೆ ದೇವರಿಗೇ ಜ್ವರ! ಸುಮಾರು ಹದಿನೈದು ದಿನ ದರ್ಶನವಿಲ್ಲ, ಔಷಧೋಪಚಾರ, ಹೊಸ ಬಣ್ಣ. ಇದನ್ನು ಕಟ್ಟುಕಥೆ ಎಂದು ತಳ್ಳಿಹಾಕುವವರಿದ್ದಾರೆ. ಮರಕ್ಕೆ ನೀರು ಬಿದ್ದರೆ ಏನಾಗುತ್ತದೆ ಎಂಬ ಅರಿವು, ಅದರ ಜೊತೆಗೇ ಬರುವ ಕರುಣೆ, ಎರಡೂ ನನಗೆ ಅದರಲ್ಲಿ ಕಾಣುತ್ತವೆ.

ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ದ್ರವ್ಯಶುದ್ಧಿ ಎಂದೇ ಒಂದು ಪ್ರಕರಣವಿದೆ, ಮನುಸ್ಮೃತಿಯ 5ನೇ ಅಧ್ಯಾಯದಲ್ಲೂ ಆ ವಿಚಾರ ಬರುತ್ತದೆ. ಜಿಡ್ಡು ಹತ್ತದ ಚಿನ್ನಕ್ಕೆ ಬರೀ ನೀರು ಸಾಕು. ತಾಮ್ರ, ಕಂಚು, ಹಿತ್ತಾಳೆಗೆ ಹುಳಿಯೋ ಕ್ಷಾರವೋ ಬೇಕು. ಕಾಳು ಸ್ವಲ್ಪವಿದ್ದರೆ ತೊಳೆ, ರಾಶಿ ಇದ್ದರೆ ಪ್ರೋಕ್ಷಣೆ ಸಾಕು. ವಸ್ತುಗಳ ಸ್ವಭಾವವನ್ನು ಇಷ್ಟು ಸೂಕ್ಷ್ಮವಾಗಿ ನೋಡಿದವರು ಮನುಷ್ಯರಲ್ಲಿ ಮೈಲಿಗೆ ಎಣಿಸಿದ್ದು ನನಗೆ ಇವತ್ತಿಗೂ ನೋವಿನ ಸಂಗತಿ, ಅದನ್ನು ನಾನು ಒಪ್ಪುವುದೂ ಇಲ್ಲ. ವಸ್ತುವಿನ ವಿಷಯದಲ್ಲಿ ಮಾತ್ರ ಅವರು ಕೇಳಿದ ಪ್ರಶ್ನೆ ಸರಿಯಾದದ್ದು: ಇದು ಏನು, ಇದು ಏನನ್ನು ತಾಳುತ್ತದೆ? ಈ ಪ್ರಶ್ನೆ ಕೇಳದೆ ಮಾಡಿದ ಶುದ್ಧಿ ನಮ್ಮ ಸಮಾಧಾನಕ್ಕೆ ಮಾಡಿಕೊಂಡದ್ದು, ಆ ವಸ್ತುವಿಗೆ ಅದರಿಂದ ಏನೂ ಸಲ್ಲಲಿಲ್ಲ.

ನನ್ನ ಹಳೆಯ ವ್ಯಾಗನ್‌ಆರ್ ಬಾನೆಟ್ ಎತ್ತುವಾಗ ಇದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಮೊದಲು ಎಂಜಿನ್ ತಣ್ಣಗಾಗಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಲು ಶುರುಮಾಡುತ್ತದೆ. ಆಮೇಲೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚುವುದು. ಕೆಲಸ ಮುಗಿದಾಗ ಕೊನೆಗೆ ಹಾಕುವುದೂ ಅದನ್ನೇ. ಒಣ ಬ್ರಷ್ಷಿನಿಂದ ಧೂಳು ಗುಡಿಸಿ, ವೈಪರ್ ಕೆಳಗಿನ ಜಾಲರಿಯಲ್ಲಿ ಸಿಕ್ಕಿದ ಎಲೆಗಳನ್ನು ಕೈಯಲ್ಲೇ ಆರಿಸಿ ತೆಗೆಯುತ್ತೇನೆ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಏರ್ ಫಿಲ್ಟರಿನ ಬಾಯಿ, ಇಗ್ನಿಷನ್ ಕಾಯಿಲ್ ಇವಕ್ಕೆ ಪ್ಲಾಸ್ಟಿಕ್ ಮುಚ್ಚುತ್ತೇನೆ. ಡಿಗ್ರೀಸರನ್ನು ನೇರ ಎರಚದೆ ಬಟ್ಟೆಗೆ ಹಾಕಿಕೊಂಡು, ಬೆಲ್ಟಿಗೆ ತಾಗದ ಹಾಗೆ ಒರೆಸಿ, ಮತ್ತೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಪೈಪಿನ ನೀರು ಅಲ್ಲಿಗೆ ಬರುವುದಿಲ್ಲ. ಸೀಮೆಎಣ್ಣೆ, ಪೆಟ್ರೋಲು ಖಂಡಿತ ಬೇಡ, ಒಂದು ಕಿಡಿ ಸಾಕು.

ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿರುತ್ತದೆ. ಕೈಗವಸು ಹಾಕಿಕೊಂಡು ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಳೆಯ ಟೂತ್‌ಬ್ರಷ್ಷಿನಿಂದ ಹಚ್ಚಿದರೆ ಜುಯ್ಯೆಂದು ನೊರೆ ಬಂದು ಕರಗುತ್ತದೆ. ಆಮ್ಲಕ್ಕೆ ಕ್ಷಾರ. ಗರ್ಭಗುಡಿಯ ತಾಮ್ರದ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ಉಜ್ಜುವ ಕೈಯೇ ಇದನ್ನೂ ಮಾಡುತ್ತದೆ, ಎರಡಕ್ಕೂ ಬೇಕಾದ ಲಕ್ಷ್ಯ ಒಂದೇ. ಮಂತ್ರ ಹೇಳುವಾಗ ಕಷ್ಟಪಟ್ಟು ತಂದುಕೊಳ್ಳುವ ಏಕಾಗ್ರತೆ ಇಲ್ಲಿ ಕರೆಯದೆ ಬಂದಿರುತ್ತದೆ. ಇದು ಪೂಜೆಗೆ ತಯಾರಿಯೋ ಪೂಜೆಯೋ ಎಂದು ಕೇಳಿದರೆ, ಪೂಜೆಯೇ ಎನ್ನುತ್ತೇನೆ. ಆರತಿಯ ತಟ್ಟೆಯನ್ನು ಮಾತ್ರ ತೆರೆದ ಬಾನೆಟ್ಟಿನ ಹತ್ತಿರ ತರುವುದಿಲ್ಲ. ಕರ್ಪೂರ ದೂರದಲ್ಲೇ ಉರಿಯಲಿ, ದೇವರಿಗೆ ಕಾಣುತ್ತದೆ.

ನನ್ನನ್ನು ಇನ್ನೂ ಕಾಡುವುದು ತೆಗೆದ ಕೊಳೆಯ ಪ್ರಶ್ನೆ. ದೇವರ ಮೇಲಿಂದ ಇಳಿಸಿದ ನಿರ್ಮಾಲ್ಯವನ್ನು ಯಾರೂ ತುಳಿಯದ ಕಡೆ, ಗಿಡದ ಬುಡಕ್ಕೆ ಹಾಕುತ್ತೇವೆ. ಎಂಜಿನ್ ತೊಳೆದ ಎಣ್ಣೆ ನೀರು ಮಾತ್ರ ರಸ್ತೆ ಬದಿಯ ಮೋರಿಗೆ ಹೋಗುತ್ತದೆ, ಮೋರಿ ಕೆರೆಯ ಕಡೆಗೆ ಹರಿಯುತ್ತದೆ. ನನ್ನ ಗಾಡಿ ಮಡಿಯಾಗಿ ಕೆರೆ ಮೈಲಿಗೆಯಾದರೆ ಅದು ಎಂಥ ಶುದ್ಧಿ? ಶಾಸ್ತ್ರದಲ್ಲಿ ಡಿಗ್ರೀಸರಿಗೆ ವಿಧಿ ಸಿಗುವುದಿಲ್ಲ, ಅದನ್ನು ನಾವೇ ಬರೆದುಕೊಳ್ಳಬೇಕು. ನಾನು ಕಾರಿನ ಅಡಿಗೆ ಹಳೆಯ ರಟ್ಟು ಹಾಸಿ, ಮೇಲೆ ಮರದ ಹೊಟ್ಟು ಹರಡುತ್ತೇನೆ. ತೊಟ್ಟಿಕ್ಕಿದ್ದನ್ನು ಹೊಟ್ಟು ಹೀರಿಕೊಳ್ಳುತ್ತದೆ. ಆ ಹೊಟ್ಟು, ಜಿಡ್ಡಿನ ಬಟ್ಟೆ ಎರಡನ್ನೂ ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬಿ, ಹಳೆಯ ಎಣ್ಣೆಯನ್ನು ಬೇರೆಯಾಗಿ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟು ಬರುತ್ತೇನೆ. ಈ ನವರಾತ್ರಿಗೆ ಗುಡಿಯ ಜಗಲಿಯಲ್ಲೂ ಅಂಥದೊಂದು ಡಬ್ಬಿ ಇಡುತ್ತೇನೆ. ಬೀದಿಯವರು ತಮ್ಮ ಜಿಡ್ಡಿನ ಬಟ್ಟೆಗಳನ್ನು ಅಷ್ಟಮಿಯ ಸಂಜೆಯೊಳಗೆ ಅದಕ್ಕೆ ತಂದು ಹಾಕಲಿ.