ಕುಂಬಳಕಾಯಿಯೂ ಸಂಕಲ್ಪವೂ

ಶರದೃತು ಕಾಲಿಟ್ಟೊಡನೆ ಹೊಲದ ಬದುವಿನ ಕುಂಬಳದ ಬಳ್ಳಿ ಒಣಗತೊಡಗುತ್ತದೆ. ಮುಂಗಾರಿನಲ್ಲಿ ಊರಿದ ಬೀಜ ಆಶ್ವಯುಜದ ವೇಳೆಗೆ ಗಟ್ಟಿ ಸಿಪ್ಪೆಯ ಕಾಯಿಯನ್ನು ಕೊಟ್ಟಿರುತ್ತದೆ. ತೊಟ್ಟುಸಹಿತ ಕೊಯ್ದಿಟ್ಟರೆ ಅದು ತಿಂಗಳುಗಟ್ಟಲೆ ಕೆಡದು. ಮಹಾನವಮಿ ಬರುವುದೂ ಇದೇ ಕಾಲಕ್ಕೆ. ಆಯುಧಪೂಜೆಯಂದು ಅಂಗಡಿ, ಕಾರ್ಖಾನೆ, ವಾಹನಗಳ ಮುಂದೆ ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುತ್ತಾರೆ. ಅದರ ದಾಯಾದಿಯಾದ ಸಿಹಿಗುಂಬಳವು ಅಡಿಗೆಮನೆ ಸೇರಿ ಗಾರಿಗೆಯೋ ಹುಳಿಯೋ ಆಗುತ್ತದೆ. ಎರಡೆಡೆಯೂ ಕಾಯಿ ಒಡೆಯುವುದೇ. ಹಾಗಾದರೆ ಎರಡರ ಫಲವೂ ಒಂದೆಯೇ?

ಪ್ರಾಣಿಬಲಿಯ ಸ್ಥಾನದಲ್ಲಿ ಕಾಯಿಯನ್ನಿಟ್ಟವರ ಮನಸ್ಸಿನಲ್ಲಿ ಕರುಣೆ ಇದ್ದಿರಲೇಬೇಕು. ಅದರಿಂದ ಎಷ್ಟೋ ಕುರಿ ಕೋಣಗಳ ಕೊರಳು ಉಳಿಯಿತು. ಇದನ್ನು ಹಗುರವಾಗಿ ಕಾಣಲಾಗದು. ಆದರೆ ಆ ಕುಂಕುಮದ ನೀರು ಯಾವುದರ ನೆನಪು? ಜನ್ನನ ‘ಯಶೋಧರ ಚರಿತೆ’ (1209) ಈ ಪ್ರಶ್ನೆಯನ್ನೇ ಎತ್ತುತ್ತದೆ. ಪ್ರಾಣಿಯನ್ನು ಕೊಲ್ಲಲೊಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ದೇವಿಗೆ ಹಿಟ್ಟಿನ ಕೋಳಿಯನ್ನು ಬಲಿಯಿತ್ತನು. ಕತ್ತರಿಸಿದ್ದು ಹಿಟ್ಟನ್ನು, ಸಂಕಲ್ಪಿಸಿದ್ದು ಕೊಲೆಯನ್ನು. ತಾಯಿ ಮಗ ಇಬ್ಬರೂ ಅದಕ್ಕಾಗಿ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಖಾತೆಯಲ್ಲಿ ಹೆಸರು ಬದಲಿಸಿ ಬರೆದಮಾತ್ರಕ್ಕೆ ಸಾಲ ತೀರುವುದಿಲ್ಲವಷ್ಟೆ.

ಈ ಭಾವದ ನೆರಳು ಅಡಿಗೆಮನೆಯ ಮೇಲೂ ಬಿದ್ದಿದೆ. ಇಡಿಯ ಕುಂಬಳಕಾಯಿಯನ್ನು ಹೆಂಗಸರು ಕೊಯ್ಯಬಾರದು, ಮೊದಲ ಪೆಟ್ಟನ್ನು ಗಂಡಸರೇ ಹಾಕಬೇಕು ಎಂಬ ರೂಢಿ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಪಲ್ಯಕ್ಕೆಂದು ತಂದ ಕಾಯಿಯನ್ನೂ ಬಲಿಯ ಪ್ರಾಣಿಯಂತೆ ಎಣಿಸಿ ಅಂಜುವುದು ವಿವೇಕವಲ್ಲ. ಆಹಾರವೆಂದು ತಿಳಿದು, ಎಚ್ಚರದಿಂದ, ಯಾರೇ ಕೊಯ್ದರೂ ಆದೀತು.

ಹಾಗೆಂದು ಅಡಿಗೆಮನೆ ನಿರ್ದೋಷವೆಂದಲ್ಲ. ಬೆಂಕಿಯಲ್ಲಿ, ನೀರಿನಲ್ಲಿ, ಬೀಜದಲ್ಲಿ ಏಕೇಂದ್ರಿಯ ಜೀವಗಳಿವೆ. ಶ್ರಾವಕನಿಗೆ ಇದು ಆರಂಭೀ ಹಿಂಸೆ: ಪೂರ್ತಿ ತಪ್ಪಿಸಲಾಗದು, ಕಿರಿದುಗೊಳಿಸಬಹುದು. ಅವನು ಸಂಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ಹಳಬರ ಅಡಿಗೆಯಲ್ಲಿ ಈ ಕಿರಿದುಗೊಳಿಸುವಿಕೆ ತಾನಾಗಿಯೇ ಬಂದಿದೆ. ಗಾರಿಗೆಗೆ ಸಿಹಿಗುಂಬಳವನ್ನು ತುರಿದು ಬೆಲ್ಲದೊಡನೆ ಬೇಯಿಸುವಾಗ ಹನಿ ನೀರನ್ನೂ ಹಾಕುವುದಿಲ್ಲ. ಕಾಯಿಯ ನೀರೇ ಸಾಕು. ಆರಿದ ಮೇಲೆ ಅದು ಹಿಡಿಸುವಷ್ಟೇ ಗೋಧಿಹಿಟ್ಟನ್ನು ಕಲಸಿ, ಗಸಗಸೆ ಒತ್ತಿ, ತಟ್ಟಿ ಕರಿಯುತ್ತಾರೆ. ಉಳಿದ ಹೋಳುಗಳು ತೊಗರಿಬೇಳೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ತೆಂಗಿನಕಾಯಿಯ ಹುಳಿಗೆ. ಕಾಯಿಯ ಸಿಹಿಗೆ ಹುಣಿಸೆಹಣ್ಣು ಸ್ವಲ್ಪ ಮುಂದಾಗಿರಬೇಕು. ಎಳೆಯ ಸಿಪ್ಪೆಯನ್ನು ಹುರಿದು ಚಟ್ನಿ ಅರೆಯುತ್ತಾರೆ. ಈರುಳ್ಳಿ ಬೆಳ್ಳುಳ್ಳಿಗಳ ಕೊರತೆ ಇವುಗಳಲ್ಲಿ ಯಾವುದಕ್ಕೂ ಕಾಣದು. ಬೂದುಗುಂಬಳಕ್ಕೆ ಮಜ್ಜಿಗೆಹುಳಿ ಒಪ್ಪುತ್ತದೆ. ದ್ವಿದಳದ ನಿಯಮವುಳ್ಳವರು ಕಡಲೆಬೇಳೆಯ ಬದಲು ನೆನೆಸಿದ ಅಕ್ಕಿಯನ್ನು ಅರೆದರಾಯಿತು.

ಆಯುಧಪೂಜೆಯ ಸಂಜೆ ಬೀದಿಯಲ್ಲಿ ಒಡೆದ ಕಾಯಿಗಳು ಚಕ್ರಗಳಡಿಯಲ್ಲಿ ಅರೆದುಹೋಗಿರುತ್ತವೆ. ಅವುಗಳ ಮೇಲೆ ಸ್ಕೂಟರು ಜಾರಿ ಬಿದ್ದವರೂ ಉಂಟು. ಯಾರದೋ ಕ್ಷೇಮಕ್ಕೆಂದು ಒಡೆದದ್ದು ಇನ್ನೊಬ್ಬರ ಮೂಳೆ ಮುರಿಯುತ್ತದೆ. ಒಂದು ಕಾಯಿಯಿಂದ ಒಂದು ಕುಟುಂಬದ ಊಟವಾಗುತ್ತಿತ್ತು. ಪೂಜೆ ಮುಗಿದ ಮೇಲೆ ಒಡೆಯದೆ ಹಂಚಿಬಿಟ್ಟರೆ ಯಾವ ಆಯುಧಕ್ಕೂ ಊನವಾಗದು.

ಅತ್ತ ಅಡಿಗೆಮನೆಯಲ್ಲಿ ತಿರುಳಿನಿಂದ ಬಿಡಿಸಿದ ಬೀಜಗಳನ್ನು ಬೂದಿ ಸವರಿ ನೆರಳಿನಲ್ಲಿ ಹರಡಿರುತ್ತಾರೆ. ಮುಂದಿನ ಮುಂಗಾರಿಗೆ ಅವು ಮತ್ತೆ ಬದುವಿಗೆ ಹೋಗಬೇಕು.